ಫಾಸ್ಟರ್ ಕೇರ್ ಮಗು: ಶಾಲೆ ಬಿಟ್ಟಮೇಲೆ ಏಳು ಗಂಟೆವರೆಗೆ ಯಾರ ಹತ್ತಿರ ಬಿಡೋದು?

ಆಗುಂಬೆ ರಸ್ತೆಯವಳು:
ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಕಳೆದ ದೀಪಾವಳಿಯಿಂದ ಏಳು ವರ್ಷದ ಹುಡುಗಿಯೊಬ್ಬಳು ನಮ್ಮ ಮನೇಲಿದಾಳೆ. ದತ್ತು ಅಲ್ಲ, ಫಾಸ್ಟರ್ ಕೇರ್, ಅಂದ್ರೆ ಸ್ವಲ್ಪ ಕಾಲಕ್ಕೆ ನಮ್ಮನೇಲಿಟ್ಕೊಂಡು ಸಾಕೋದು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬಂದವಳು.

ನಾನು ಪೇಟೇಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತೀನಿ. ಯಜಮಾನರು ಲಾರಿ ಓಡಿಸ್ತಾರೆ, ವಾರಕ್ಕೆ ಎರಡು ರಾತ್ರಿ ಮನೇಲಿದ್ರೆ ಹೆಚ್ಚು. ಅತ್ತೆಯನ್ನ ನೆಚ್ಕೊಂಡೇ ಮಗುವನ್ನ ಒಪ್ಕೊಂಡಿದ್ದು. ಜೂನ್‌ನಲ್ಲಿ ಅವರು ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟ ಮುರ್ಕೊಂಡ್ರು, ಈಗ ನಾದಿನಿ ಮನೇಲಿದಾರೆ. ಶಾಲೆ ಬಿಡೋದು ನಾಲ್ಕೂಕಾಲಿಗೆ. ನಾನು ಬಸ್ಸಿಳಿದು ಮನೆ ಮುಟ್ಟೋದು ಏಳಕ್ಕೆ.

ಪೇಟೆಯ ಒಂದು ಡೇಕೇರ್‌ನವರು ತಿಂಗಳಿಗೆ 3,500 ಕೇಳಿದ್ರು. ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ಬರೋದು ತಿಂಗಳಿಗೆ 4,000, ಅದರಲ್ಲೂ ಎರಡು ಕಂತು ಬಾಕಿ. ದುಡ್ಡು ಹೊಂದಿಸಿದ್ರೂ ಶಾಲೆಯಿಂದ ಅಲ್ಲಿಗೆ ಕರ್ಕೊಂಡು ಹೋಗೋರು ಯಾರು? ಮಳೆ ರಜೆಯ ಪಾಡಂತೂ ಕೇಳ್ಬೇಡಿ. ರಾತ್ರಿ ಒಂಬತ್ತಕ್ಕೆ ನಾಳೆ ರಜೆ ಅಂತ ಮೆಸೇಜು ಬರುತ್ತೆ.

ಮೊನ್ನೆ ಬಸ್ಸು ಕೆಟ್ಟು ಏಳೂಮುಕ್ಕಾಲು ಆಯ್ತು. ಕರೆಂಟಿಲ್ಲ, ಹೋ ಅಂತ ಮಳೆ. ಬ್ಯಾಗನ್ನ ಹೆಗಲಿಂದ ಇಳಿಸ್ದೇ ಜಗಲೀಲಿ ಕೂತಿದ್ಲು. ಪಕ್ಕದ ಮನೆಯವರು ಕರೆದ್ರೂ ಹೋಗಿಲ್ಲ. ಡಬ್ಬೀಲಿ ಶಾಲೇಲಿ ಕೊಟ್ಟ ಮೊಟ್ಟೆ ಅರ್ಧ ಹಾಗೇ ಇತ್ತು. "ನೀವು ಬರ್ದೇ ಇದ್ರೆ ರಾತ್ರಿಗೆ ಅಂತ ಇಟ್ಕೊಂಡೆ" ಅಂದ್ಲು. ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ. ಯಾರಾದ್ರೂ ಇಂಥದ್ದನ್ನ ಹೇಗೆ ನಿಭಾಯಿಸಿದೀರಿ?

ಹೊಸನಗರದ ಹುಡುಗ:
ಪಂಚಾಯ್ತಿಯ 'ಕೂಸಿನ ಮನೆ'ಯಲ್ಲಿ ಕೇಳಿ ನೋಡಿ ಅಕ್ಕ.

ಸಾಗರದ ಟೀಚರ್:
ಕೂಸಿನ ಮನೆ ನರೇಗಾ ಕೂಲಿಯವರ ಪುಟ್ಟ ಮಕ್ಕಳಿಗೆ ಅಂತ ಮಾಡಿದ್ದು, ಏಳು ವರ್ಷದವಳಿಗೆ ಆಗಲ್ಲ. ಬದಲಿಗೆ ಪಂಚಾಯ್ತಿ ಗ್ರಂಥಾಲಯ ನೋಡಮ್ಮ, ಈಗ ಅರಿವು ಕೇಂದ್ರ ಅಂತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಸಂಜೆ ಎಷ್ಟು ಹೊತ್ತು ತೆರೆದಿರುತ್ತೆ ಅಂತ ಮೇಲ್ವಿಚಾರಕರನ್ನ ಕೇಳು. ಆದರೆ ಮಗುವನ್ನ ಕಾಯೋದು ಅವರ ಕೆಲಸವಲ್ಲ. ಒಂದು ಗಂಟೆ ಕಳೆಯಕ್ಕೆ ಒಳ್ಳೇ ಜಾಗ, ಅಷ್ಟೆ.

ಭದ್ರಾವತಿ ಅಪ್ಪ:
ನಮ್ಮ ಮನೇಲೂ ಫಾಸ್ಟರ್ ಮಗ ಇದಾನೆ, ನಾಲ್ಕು ವರ್ಷ ಆಯ್ತು. ಮೊದಲು ಒಂದು ಮಾತು. ಮಗುವಿನ ಹೆಸರು, ಫೋಟೊ, ಮನೆಯವರ ಕತೆ ಇಲ್ಲಿ ಹಾಕ್ಬೇಡಿ. ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಲ್ಲಿ ಗುರುತು ಬಯಲು ಮಾಡೋ ಹಾಗಿಲ್ಲ. ನೋಡ್ಕೊಳ್ಳೋರಿಗೂ ಬೇಕಾದಷ್ಟೇ ಹೇಳಿ.

ಡೇಕೇರ್ ಮರೆತುಬಿಡಿ ತಂಗಿ. ಈ ಮಕ್ಕಳಿಗೆ ದಿನಾ ಅದೇ ಮುಖ ಕಾಣ್ಬೇಕು. ನಮ್ಮವನು ಒಂದು ವರ್ಷ ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಡ್ತಿದ್ದ, ನಾವು ಒಂದು ಸಲಾನೂ ಬೈದಿಲ್ಲ. ಎದುರುಮನೆ ಅಜ್ಜಿಗೆ ತಿಂಗಳಿಗೆ 1,500 ಕೊಟ್ವಿ. ಬೇಡ ಅಂದ್ರು, ಆದ್ರೂ ಕೊಟ್ವಿ. ಪುಕ್ಕಟೆ ಉಪಕಾರ ಎಷ್ಟು ದಿನ ನಡೆಯುತ್ತೆ?

ಯಾರ ಹತ್ತಿರ ಬಿಟ್ರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮೊದಲೇ ತಿಳಿಸಿ. ಮಗುವಿನ ಪಾಲನಾ ಯೋಜನೆಯಲ್ಲಿ 'ಶಾಲೆಯ ನಂತರ ಯಾರ ಬಳಿ' ಅಂತ ಬರೆಸಿ. ಅತ್ತೆಯವರು ಬಿದ್ದ ವಿಷಯಾನೂ ಮುಚ್ಚಿಡ್ಬೇಡಿ. ಮಗುವನ್ನ ವಾಪಸ್ ಕರ್ಕೊಂಡು ಹೋಗ್ತಾರೆ ಅಂತ ನಾವೂ ಹೆದರಿ ಸುಮ್ನಿದ್ವಿ, ಅದು ತಪ್ಪಾಯ್ತು. ಬಾಕಿ ಕಂತಿಗೆ ಬಾಯಿಮಾತು ಸಾಲದು. ಅರ್ಜಿ ಬರೆದುಕೊಟ್ಟು, ನಕಲಿಗೆ ಸೀಲು ಹಾಕಿಸ್ಕೊಳ್ಳಿ.

ಆಗುಂಬೆ ರಸ್ತೆಯವಳು:
ಹೆದರಿ ಸುಮ್ನಿದ್ದಿದ್ದು ನಿಜ ಅಣ್ಣ. ಮರುದಿನವೇ ಘಟಕಕ್ಕೆ ಫೋನ್ ಮಾಡಿ ಹೇಳ್ದೆ. ಅವರು ಬಂದು ನೋಡ್ಕೊಂಡು, ಊರಲ್ಲೇ ಒಬ್ರ ಹತ್ತಿರ ಬಿಡ್ಬಹುದು ಅಂದಿದಾರೆ.

ಮೂರು ಮನೆ ಆಚೆ ಹಪ್ಪಳ ಮಾಡೋ ದೊಡ್ಡಮ್ಮ ಒಬ್ರಿದಾರೆ. ತಿಂಗಳಿಗೆ 1,500 ಅಂತ ಮಾತಾಯ್ತು, ಮಳೆ ರಜೆ ಬಂದ್ರೆ ಇಡೀ ದಿನ ಅಲ್ಲೇ. ಮೊದಲೆರಡು ದಿನ ಅಲ್ಲೂ ಹೊಸಿಲ ಮೇಲೇ ಕೂತಿದ್ಲಂತೆ. ನಿನ್ನೆ ಹೋದ್ರೆ ಬ್ಯಾಗು ಮೊಳೆಯಲ್ಲಿ ನೇತಾಡ್ತಿತ್ತು, ಇವಳು ಒಳಗೆ ಹಪ್ಪಳದ ಹಿಟ್ಟಿನ ಉಂಡೆ ಕಟ್ತಿದ್ಲು.

ಸೋಮವಾರ ಶಿವಮೊಗ್ಗಕ್ಕೆ ಹೋಗಿ ಅರ್ಜಿ ಕೊಡ್ತೀನಿ. ಕಂತು ಬಂದ್ರೆ ಇಲ್ಲೇ ತಿಳಿಸ್ತೀನಿ.