‘ಅಡ್ಮಿನಿಸ್ಟ್ರೇಟಿವ್ ವರ್ಕ್‌ಲೋಡ್’: ಕಾರ್ಯಭಾರವೋ, ಹೊರೆಯೋ?

ಮಾನ್ಯರೆ,
ಅಮೆರಿಕದ ರಾಷ್ಟ್ರೀಯ ವಿಜ್ಞಾನ ಮಂಡಳಿಯ 2014ರ ವರದಿಯೊಂದರ ಸಾರಾಂಶವನ್ನು ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಫೆಡರಲ್ (ಅಂದರೆ ಅಲ್ಲಿನ ರಾಷ್ಟ್ರೀಯ ಸರ್ಕಾರದ) ಅನುದಾನ ಪಡೆದ ಸಂಶೋಧಕರು ಸಂಶೋಧನೆಯ ಸಮಯದಲ್ಲಿ ಸರಾಸರಿ ಶೇ. 42ರಷ್ಟನ್ನು ಅರ್ಜಿ, ವರದಿ, ಅನುಮತಿಗಳಂಥ ಕೆಲಸಕ್ಕೇ ಕಳೆಯುತ್ತಾರೆಂದು ಅದು ಸಮೀಕ್ಷೆಯೊಂದನ್ನು ಆಧರಿಸಿ ಹೇಳುತ್ತದೆ. ಈ ‘ಅಡ್ಮಿನಿಸ್ಟ್ರೇಟಿವ್ ವರ್ಕ್‌ಲೋಡ್’ ತಗ್ಗಿಸಬೇಕೆಂಬುದು ಅದರ ಶಿಫಾರಸು. ಇದನ್ನು ‘ಆಡಳಿತಾತ್ಮಕ ಕಾರ್ಯಭಾರ’ ಎಂದಿದ್ದೇನೆ. ಸರಿಯೇ? ‘ರೆಗ್ಯುಲೇಟರಿ’, ‘ಫೆಡರಲ್’ ಎಂಬ ಪದಗಳಿಗೆ ಏನೆನ್ನಲಿ? ಶೀರ್ಷಿಕೆ ಹೇಗಿರಲಿ?

ಮರುನುಡಿ 1:
ಸರಿಯಲ್ಲ. ‘ಆಡಳಿತ’ ನಮ್ಮ ಕನ್ನಡದ್ದು, ಅದಕ್ಕೆ ಸಂಸ್ಕೃತದ ‘ಆತ್ಮಕ’ವನ್ನು ಅಂಟಿಸುವುದು ಅರಿಸಮಾಸ. ‘ಹೊರೆ’ ಇರುವಾಗ ‘ಭಾರ’ದ ಸಾಲವೂ ಬೇಡ. ‘ಆಳ್ವಿಕೆಯ ಹೊರೆ’ ಎನ್ನಿ, ಸಾಕು.

ಮರುನುಡಿ 2:
‘ಆಳ್ವಿಕೆಯ ಹೊರೆ’ ಎಂದರೆ ಓದುಗರಿಗೆ ಸಿಂಹಾಸನದ ಮೇಲಿನ ದೊರೆ ಕಾಣಿಸುತ್ತಾನೆಯೇ ಹೊರತು ಅನುದಾನದ ನಮೂನೆ ತುಂಬುತ್ತಿರುವ ಪ್ರಾಧ್ಯಾಪಕನಲ್ಲ. ‘ಹೊರೆ’ ಸರಿ, ಆದರೆ ಕಾರಣ ಬೇರೆ. ನಮ್ಮ ಪದವಿ ಕಾಲೇಜುಗಳಲ್ಲಿ ಕಾರ್ಯಭಾರವೆಂದರೆ ಬೋಧನೆಯ ಗಂಟೆಗಳ ಲೆಕ್ಕ. ಅದು ಕಡಿಮೆಯಾದರೆ ಅತಿಥಿ ಉಪನ್ಯಾಸಕರ ಕೆಲಸಕ್ಕೇ ಕುತ್ತು. ‘ಕಾರ್ಯಭಾರ ತಗ್ಗಿಸಬೇಕು’ ಎಂಬ ಶಿಫಾರಸನ್ನು ಓದಿ ಅವರು ಬೆಚ್ಚಿಬಿದ್ದಾರು!

‘ರೆಗ್ಯುಲೇಟರಿ’ ಎಂಬುದನ್ನು ‘ನಿಯಂತ್ರಣ’ ಎನ್ನಲೂಬೇಡಿ, ‘ನಿಯಮಪಾಲನೆ’ ಎನ್ನಿ. ‘ನಿಯಂತ್ರಣ ತಗ್ಗಿಸಬೇಕು’ ಎಂದರೆ ರಕ್ಷಣೆಯನ್ನೇ ಸಡಿಲಿಸಿದಂತೆ ಕೇಳಿಸುತ್ತದೆ. ಪ್ರಯೋಗಕ್ಕೊಳಗಾಗುವ ಮನುಷ್ಯರ, ಪ್ರಾಣಿಗಳ ರಕ್ಷಣೆಯನ್ನು ಸಡಿಲಿಸಬೇಕೆಂಬುದು ಆ ಮಂಡಳಿಯ ಅಭಿಪ್ರಾಯವಲ್ಲ. ಒಂದೇ ಮಾಹಿತಿಯನ್ನು ಒಂದೊಂದು ಇಲಾಖೆಯೂ ಒಂದೊಂದು ನಮೂನೆಯಲ್ಲಿ ಕೇಳುವುದು ಅದರ ತಕರಾರುಗಳಲ್ಲೊಂದು. ಮನುಷ್ಯರನ್ನು ಒಳಗೊಂಡ ಸಂಶೋಧನೆಗೆ 2019ರ ಜನವರಿಯಿಂದ ಅಮೆರಿಕದಲ್ಲಿ ಅನುಸರಿಸುತ್ತಿರುವ ಪರಿಷ್ಕೃತ ನಿಯಮವನ್ನೇ ನೋಡಿ: ಅಪಾಯ ತೀರಾ ಕಡಿಮೆಯಿರುವ ಬಹುಪಾಲು ಅಧ್ಯಯನಗಳು ನೈತಿಕ ಪರಿಶೀಲನಾ ಮಂಡಳಿಯ ಮುಂದೆ ವರ್ಷವರ್ಷವೂ ಮರುಪರಿಶೀಲನೆಗೆ ಹೋಗಬೇಕಿಲ್ಲ, ಆದರೆ ಮನುಷ್ಯರನ್ನು ರಕ್ಷಿಸುವ ನಿಯಮ ಹೋಗಿಲ್ಲ. ಇಳಿದದ್ದು ಪಾಲನೆಯ ಹೊರೆ. ನಮ್ಮ ಕಚೇರಿಗಳಲ್ಲಿ ‘ಅನುಪಾಲನಾ ವರದಿ’ ಎಂಬುದು ಬಳಕೆಯಲ್ಲಿರುವುದರಿಂದ ‘ನಿಯಮಪಾಲನೆ’ ಯಾರಿಗೂ ತೊಡಕಾಗದು. ‘ಫೆಡರಲ್’ ಹಾಗೆಯೇ ಇರಲಿ. ‘ಕೇಂದ್ರ’ ಎಂದರೆ ನಮ್ಮವರು ದೆಹಲಿ ಎಂದುಕೊಳ್ಳುತ್ತಾರೆ. ಅರ್ಜಿ, ಕಚೇರಿ, ದಾಖಲೆಗಳನ್ನು ಅರಗಿಸಿಕೊಂಡ ನುಡಿಗೆ ಇದೊಂದು ಹೆಚ್ಚಲ್ಲ.

ಶೀರ್ಷಿಕೆ ಹೀಗಿರಬಹುದು: ‘ಫೆಡರಲ್ ಅನುದಾನಿತ ಸಂಶೋಧನೆ: ಆಡಳಿತದ, ನಿಯಮಪಾಲನೆಯ ಹೊರೆ ಇಳಿಸುವ ಬಗೆ’.

ಮರುನುಡಿ 3 (ಮರುನುಡಿ 1 ಬರೆದವರಿಂದ):
‘ಆಳ್ವಿಕೆ’ಯನ್ನು ಬಿಡುತ್ತೇನೆ, ‘ಫೆಡರಲ್’ ಅನ್ನು ಒಪ್ಪುವುದಿಲ್ಲ. ‘ಒಕ್ಕೂಟ’ ಎಂಬ ಪದ ಏನು ತಪ್ಪು ಮಾಡಿತ್ತು?

ಮರುನುಡಿ 4:
‘ಒಕ್ಕೂಟದ ಅನುದಾನ’ ಎಂದರೆ ನಮ್ಮೂರಲ್ಲಿ ಹಾಲು ಒಕ್ಕೂಟದ್ದು.