ಅಪ್‌ಡೇಟ್: ಹೆಲ್ಮೆಟ್ ಸಿಕ್ತು, ಹಣೆನೋವು ಹೋಯ್ತು

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಫುಲ್ ಫೇಸ್ ಹೆಲ್ಮೆಟ್ ಹಾಕಿದ ಅರ್ಧ ಗಂಟೆಗೆ ಹಣೆ ಸಿಡಿಯುತ್ತೆ, ಕತ್ತು ಸೋಲುತ್ತೆ, ಹಗುರದ್ದು ಯಾವುದಿದೆ ಅಂತ?

"ಒಂದು ಸೈಜ್ ದೊಡ್ಡದು ತಗೊಳ್ಳಿ" ಅಂದವರ ಮಾತು ಮೊದಲು ಕೇಳಿದೆ. ಹಣೆ ಒತ್ತೋದೇನೋ ನಿಂತಿತು, ಆದ್ರೆ ಗಾಳಿಗೆ ಹೆಲ್ಮೆಟ್ಟೇ ಅಲ್ಲಾಡ್ತಿತ್ತು. ವಾಪಸ್ ಕೊಟ್ಟೆ. ಕೆಲಸಕ್ಕೆ ಬಂದದ್ದು "ತಲೆಯ ಆಕಾರ ನೋಡಿ" ಅಂದವರ ಸಲಹೆ. ಮೇಲಿನಿಂದ ಫೋಟೊ ತೆಗೆಸಿದೆ: ನನ್ನದು ಹಿಂದೆ ಮುಂದೆ ಉದ್ದನೆಯ ತಲೆ, ಹಳೇ ಹೆಲ್ಮೆಟ್ಟಿನ ಒಳಗೆ ದುಂಡು, ಅದಕ್ಕೇ ಹಣೆ ಒತ್ತುತ್ತಿತ್ತು. (ಫೋಟೊ ತೆಗೆದ ತಂಗಿ ಇನ್ನೂ ನಗ್ತಿದ್ದಾಳೆ.) ಹುಬ್ಬಿನ ಮೇಲೆ ಟೇಪ್ ಸುತ್ತಿದರೆ 58 ಸೆಂ.ಮೀ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಐದಾರು ಹಾಕಿ ನೋಡಿ, ಒಂದನ್ನು ಇಪ್ಪತ್ತು ನಿಮಿಷ ತೆಗೆಯದೇ ನಿಂತೆ. ಅಂಗಡಿಯವರು ಕಾಫಿ ಕುಡಿದು ಬಂದರೂ ನಾನು ಅಲ್ಲೇ! ಹಣೆ ಮೇಲೆ ಕೆಂಪು ಗುರುತು ಬೀಳಲಿಲ್ಲ, ಅದನ್ನೇ ತಂದೆ. ಫೈಬರ್‌ಗ್ಲಾಸ್‌ದು, ಐಎಸ್‌ಐ ಜೊತೆ ಇಸಿಇ (ಯುರೋಪ್ ಕಡೆಯ ಸುರಕ್ಷತಾ ಮಾನದಂಡ) ಗುರುತೂ ಇದೆ.

ಅಚ್ಚರಿ ಏನಂದ್ರೆ, ಅಡುಗೆಮನೆ ತಕ್ಕಡಿಯಲ್ಲಿ ಹಳೆಯದು 1,480 ಗ್ರಾಂ, ಹೊಸದು 1,430. ಐವತ್ತೇ ಗ್ರಾಂ! ಕತ್ತಿಗೆ ಭಾರವಾಗಿದ್ದು ತೂಕವಲ್ಲ, ಅದು ಕೂತಿದ್ದ ರೀತಿ. ಕೆನ್ನೆ ಪ್ಯಾಡ್ ಮೊದಲ ವಾರ ಬಿಗಿ ಇತ್ತು, ಈಗ ಹದಕ್ಕೆ ಬಂದಿದೆ. ಗಾಳಿ ಸದ್ದು ಮಾತ್ರ ಹಾಗೇ ಇದೆ.