ಗಾಡಿ ಇಬ್ಬರದು, ಆಯಿಲ್ ಯಾರ ಮಾತಿಂದು

(ನಮ್ಮ ಮನಿ ಗ್ರೂಪ್, ಶನಿವಾರ ರಾತ್ರಿ)

ವಿಜಾಪುರ ಮಾಮಾ: [ಫಾರ್ವರ್ಡ್] ಟರ್ಬೋ ಕಾರು ಇದ್ದವರು ತಪ್ಪದೆ ಓದಿ!! ಮೈಲೇಜ್ ಜಾಸ್ತಿ ತೋರಿಸಲು ಕಂಪನಿಗಳು ನೀರಿನಂಥ ಆಯಿಲ್ ಹಾಕಿಸುತ್ತವೆ. ಟ್ರ್ಯಾಕ್ ಮೇಲೆ ಓಡಿಸುವವರು 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್ ಹಾಕಿದರೆ ಟರ್ಬೋ ಎಂದಿಗೂ ಹೋಗುವುದಿಲ್ಲ. ಎಲ್ಲರಿಗೂ ಕಳುಹಿಸಿ.

ವಿಜಾಪುರ ಮಾಮಾ: ಮುಂದಿನ ತಿಂಗಳ ನಿಮ್ಮ ಟರ್ಬೋ ಕಾರು, ಆ ಆಕ್ಟೇವಿಯಾ, ತಗೊಂಡು ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಹೊಂಟೀರಲ್ಲ, ಅದಕ್ಕ ಕಳ್ಸೀನಿ. ನಮ್ಮ ಟ್ರ್ಯಾಕ್ಟರಿಗೆ ದಪ್ಪ ಆಯಿಲೇ ಹಾಕೋದು, ಹದಿನೆಂಟ ವರ್ಷ ಆತು ಇಂಜಿನ್ ಬಿಚ್ಚಿಲ್ಲ

ಅಣ್ಣ: ನಾನೂ ಇದನ್ನ ಹೇಳಾಕತ್ತೇನಿ ಮಾಮಾ, ಇವ ಕೇಳವಲ್ಲ. ಹೋದ ಸಲ ಟ್ರ್ಯಾಕಿಗೆ ಹೋಗಿ ಬಂದ ಮ್ಯಾಲೆ ಕಡ್ಡಿ ಎಳದು ನೋಡಿದ್ರ ಆಯಿಲ್ ಅನ್ನೂದು ನೀರಾಗಿತ್ತು. ಈ ಸಲ 50 ಹಾಕ್ಸೂದ. ಗಾಡಿ ಅರ್ಧ ನಂದೈತಿ

ನಾನು: ಅರ್ಧ ನಂದೂ ಐತಿ ಅಣ್ಣಾ. 20ಡಬ್ಲ್ಯೂ-50 ಆ ಇಂಜಿನ್ನಿಗೆ ಹಾಕ್ಸಾಕ ನಾ ಬಿಡಂಗಿಲ್ಲ

ಅಣ್ಣ: ಯಾಕ ಬಿಡಂಗಿಲ್ಲ ಹೇಳು

ನಾನು: ಹೇಳ್ತೇನಿ, ಸ್ವಲ್ಪ ಉದ್ದ ಆಕ್ಕೈತಿ, ಪೂರ್ತಿ ಓದು. ಹೋದ ಸಲ ಆಯಿಲ್ ತೆಳ್ಳಗ ಆಗಿದ್ದು ಖರೆ, ನಾ ಇಲ್ಲ ಅನ್ನೂದಿಲ್ಲ, ಆದ್ರ ಕಡ್ಡಿ ಒರಸಿದ ಬಿಳಿ ಅರಿವಿ ಮೂಗಿಗೆ ಹಿಡದು ನೋಡಿದ್ದು ನೆನಪೈತಿ ಇಲ್ಲೋ, ಪೆಟ್ರೋಲ್ ವಾಸನಿ ಬರಾಕತ್ತಿತ್ತು. ನಮ್ಮ ಗಾಡಿ ಡೈರೆಕ್ಟ್ ಇಂಜೆಕ್ಷನ್, ಪೆಟ್ರೋಲ್ ಸೀದಾ ಸಿಲಿಂಡರಿನ್ಯಾಗ ಹೊಡಿತೈತಿ, ಗ್ವಾಡಿಗೆ ಬಿದ್ದಿದ್ದು ಸುಡದ ಪಿಸ್ಟನ್ ರಿಂಗ್ ದಾಟಿ ಕೆಳಗ ಆಯಿಲ್ ನಿಲ್ಲೂ ಚೇಂಬರಿಗೆ ಇಳಿತೈತಿ. ಅದಕ್ಕೂ ಮೊದ್ಲ ನೀನ ಮೂರು ತಿಂಗಳ ಟಿಳಕವಾಡಿಯಿಂದ ಕ್ಯಾಂಪ್ ತನಕ ಬರೇ ನಾಕು ಕಿಲೋಮೀಟರ್ ಓಡ್ಸಿದ್ದಿ, ಆಯಿಲ್ ಒಂದಿನಾನೂ ಪೂರ್ತಿ ಬಿಸಿ ಆಗಿರ್ಲಿಲ್ಲ, ಬಿಸಿ ಆದ್ರ ತಾನ ಆ ಪೆಟ್ರೋಲ್ ಆವಿ ಆಗಿ ಹೋಗೂದು. ಒಂಬತ್ತು ಸಾವಿರ ಓಡಿದ ಹಳೇ ಆಯಿಲ್ ಮ್ಯಾಲೆ ನಾವು ಟ್ರ್ಯಾಕಿಗೆ ಹ್ವಾದ್ವಿ. ತಪ್ಪು ಅಲ್ಲಿ ಐತಿ. 50 ಹಾಕಿದ್ರೂ ಅದರಾಗೂ ಪೆಟ್ರೋಲ್ ಸೇರ್ತಿತ್ತು

ವಿಜಾಪುರ ಮಾಮಾ: ಅದಕ್ಕ ಅಲ್ಲೇನೋ ದಪ್ಪಂದು ಹಾಕೋದು, ತೆಳ್ಳಗಾದ್ರೂ ಇನ್ನೂ ಉಳೀತದ

ನಾನು: ಮಾಮಾ ಟ್ರ್ಯಾಕ್ಟರಿಗೆ ನೀವ್ ಹೇಳೂದು ಬರೋಬ್ಬರಿ ಐತ್ರಿ. ಅದರ ಇಂಜಿನ್ ನಿಧಾನ ತಿರಗ್ತೈತಿ, ಸಂದುಗೋಳು ದೊಡ್ಡವು. ಇದರಾಗ ಟರ್ಬೋದ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೂದು) ಶಾಫ್ಟು ನಿಮಿಷಕ್ಕ ಒಂದೂವರಿ ಲಕ್ಷ ಸುತ್ತು ದಾಟಿ ತಿರಗ್ತೈತ್ರಿ, ಬರೇ ಆಯಿಲಿನ ಪದರದ ಮ್ಯಾಲೆ ತೇಲಿ. ವಾಲ್ವ್ ತಗಿಯೂ ಕ್ಯಾಮ್ ಮುಂದ ಹಿಂದ ಸರಸೂದು ಆಯಿಲಿನ ಒತ್ತಡ, ಚೈನ್ ಬಿಗಿ ಹಿಡಿಯೂದು ಅದ, ಪಂಪ್ ಸುದ್ದಾ ಎರಡು ಹಂತದಾಗ ಒತ್ತಡ ಬದಲಿ ಮಾಡೂವಂಥಾದ್ದು. ಇಷ್ಟನ್ನೂ ಒಂದು ದಪ್ಪದ ಲೆಕ್ಕ ಇಟ್ಟು ಮಾಡ್ಯಾರ

ಸಣ್ಣ ಕಾಕಾ: ನಾ ನಡುವ ಬರ್ತೇನಿ. ಮೂವತ್ತು ವರ್ಷ ಉದ್ಯಮಬಾಗದಾಗ ಕ್ರ್ಯಾಂಕ್ ಗ್ರೈಂಡ್ ಮಾಡೇನಿ. 50 ಮಿಮೀ ಜರ್ನಲ್ (ಬೇರಿಂಗಿನ್ಯಾಗ ತಿರಗೂ ಕ್ರ್ಯಾಂಕಿನ ದುಂಡ ಭಾಗ) ಇದ್ರ ಬೇರಿಂಗಿಗೂ ಅದಕ್ಕೂ ನಡುವ ಸಂದು 0.05 ಮಿಮೀ ಸುತ್ತಮುತ್ತ. ಎರಡು ಥೌ, ಅಂದ್ರ ಇಂಚಿನ ಸಾವಿರದಾಗ ಎರಡು ಪಾಲು. ತಲಿಗೂದಲ ಹಾಯೂದು ಕಷ್ಟ. ಅದರಾಗಿಂದ ಆಯಿಲ್ ಬರೇ ತುಂಬಿ ನಿಂತ್ರ ಆಗೂದಿಲ್ಲ, ಹರೀಬೇಕು. ಹರದ್ರ ತಾನ ಕಾವು ಹೊತ್ಕೊಂಡು ಹೊರಗ ಹೋಗೂದು

ನಾನು: ಕಾಕಾ ಇದನ್ನ ಹೇಳಾಕ ನಾ ಒದ್ದಾಡಾಕತ್ತಿದ್ದೆ ನೋಡ್ರಿ. ದಪ್ಪ ಆಯಿಲ್ ಆ ಸಂದಿನ್ಯಾಗ ತಿಕ್ಕಾಡಿ ತಾನ ಕಾವು ಹುಟ್ಟಸ್ತೈತಿ, ಮ್ಯಾಲೆ ಹರಿಯೂದೂ ಕಮ್ಮಿ

ಅಣ್ಣ: ಕಾಕಾ ಹಂಗಾರ ತೆಳ್ಳಗಿಂದ ಛಲೋ ಅಂತೀರೇನ್ರಿ

ಸಣ್ಣ ಕಾಕಾ: ಹಂಗ ಅಂದಿಲ್ಲ. ಪದರ ಹರದ್ರ ಹಿಂಗ ಆಕ್ಕೈತಿ ನೋಡು

ಸಣ್ಣ ಕಾಕಾ: [ಫೋಟೋ]

ಸಣ್ಣ ಕಾಕಾ: ಬ್ಯಾರೇ ಗಾಡೀದು, ಹಳೇ ಬೇರಿಂಗ್ ಶೆಲ್. ಮ್ಯಾಲಿನ ಬೂದಿ ಬಣ್ಣದ ಪದರ ಸವದು ನಡುವ ತಾಂಬ್ರ ಕಾಣಾಕತ್ತೈತಿ. ಬೆರಳಿಲೆ ಮುಟ್ಟಿದ್ರ ಗೀರು ತಿಳೀತಾವ. ಆಯಿಲ್ ಕಾದು ನೀರಾಗಿದ್ದಕ್ಕ ಇದು

ಅಣ್ಣ: ಇದನ್ನ ನೋಡಿ ನಂಗ ಹೆದರಿಕಿ ಆಗಾಕತ್ತೈತಿ. ಇಂಡಿಯಾಕ್ಕ ಬಂದದ್ದು ಬರೇ 200 ಗಾಡಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 245, ಇಂಜಿನ್ ಹ್ವಾದ್ರ ಎಲ್ಲಿಂದ ತರೂದು

ನಾನು: ಹೆದರಿಕಿ ನಂಗೂ ಐತಿ, ಅದಕ್ಕ ಅಷ್ಟು ಹಟ ಮಾಡಾಕತ್ತೇನಿ. ಡಬ್ಬಿ ಮ್ಯಾಲಿನ ನಂಬರ್ ಬಿಟ್ಟು ಒಳಗಿನ ಲೆಕ್ಕ ನೋಡೂಣು. 5ಡಬ್ಲ್ಯೂ-30 ಒಳಗ 30 ಅಂದ್ರ 100 ಡಿಗ್ರಿ ಕಾವಿನ್ಯಾಗ ಆಯಿಲಿನ ದಪ್ಪ 9.3 ರಿಂದ 12.5 ಸೆಂಟಿಸ್ಟೋಕ್ಸ್ ಒಳಗ. 40 ಅಂದ್ರ 12.5 ರಿಂದ 16.3. 50 ಅಂದ್ರ 16.3 ರಿಂದ 21.9. ಆದ್ರ ಟ್ರ್ಯಾಕಿನ್ಯಾಗ ಬೇರಿಂಗ್ ಒಳಗ ಕಾವು 100ಕ್ಕ ನಿಲ್ಲೂದಿಲ್ಲ, ಮ್ಯಾಲೆ ತಿಕ್ಕಾಟ ಬ್ಯಾರೆ. ಅದಕ್ಕ ಇನ್ನೊಂದು ಪರೀಕ್ಷೆ ಐತಿ, ಎಚ್‌ಟಿಎಚ್‌ಎಸ್ ಅಂತಾರ, 150 ಡಿಗ್ರಿಯೊಳಗ ಜೋರ್ ತಿಕ್ಕಿ ಆಯಿಲ್ ಎಷ್ಟು ದಪ್ಪ ಉಳೀತೈತಿ ನೋಡ್ತಾರ, ಇದರ ಅಳತಿ ಬ್ಯಾರೆ. ಸಾದಾ 5ಡಬ್ಲ್ಯೂ-30ಕ್ಕ ಅದು 2.9 ಇದ್ರ ಸಾಕು. ನಮ್ಮ ಇಂಜಿನ್ನಿಗೆ ಬೇಕಾದ ವಿಡಬ್ಲ್ಯೂ (ಫೋಕ್ಸ್‌ವ್ಯಾಗನ್ ಕಂಪನಿ) 502 00 ಇಲ್ಲಾ 504 00 ಅಪ್ರೂವಲ್ ಇದ್ದದ್ದಕ್ಕ ಕಮ್ಮಿ ಅಂದ್ರ 3.5 ಇರಬೇಕು. ಎರಡೂ ಡಬ್ಬಿ ಮ್ಯಾಲೆ 5ಡಬ್ಲ್ಯೂ-30 ಅಂತನ ಇರ್ತೈತಿ ಅಣ್ಣಾ, ಒಳಗಿನ ಎಣ್ಣಿ ಬ್ಯಾರೇ ಬ್ಯಾರೆ!!

ಅಣ್ಣ: ಹೋದ ಸಲ ಹಾಕ್ಸಿದ್ದು ಯಾವ್ದು ಹಂಗಾರ

ನಾನು: ಅದ ನಂಗ ಸಿಟ್ಟು ಬಂದಿದ್ದು. ಇವತ್ತ ಬಿಲ್ ಹುಡುಕಿ ತಗದೆ. ಆ ಗ್ಯಾರೇಜಿನವ್ರು ಬ್ಯಾರಲ್ಲಿನಿಂದ ತುಂಬಿದ್ರು, ಬಿಲ್ಲಿನ್ಯಾಗ ಬರೇ 5ಡಬ್ಲ್ಯೂ-30 ಫುಲ್ಲಿ ಸಿಂಥೆಟಿಕ್ ಅಂತ ಬರದಾರ, ಅಪ್ರೂವಲ್ ನಂಬರ್ ಎಲ್ಲೂ ಇಲ್ಲ. ನಾ ನಿಂತು ಕೇಳಬೇಕಿತ್ತು, ಕೇಳಿಲ್ಲ. ಅಂಥಾದ್ದನ್ನ ಹಾಕ್ಕೊಂಡು ನಾಕನೇ ಸುತ್ತಿಗೆ ಮೀಟರಿನ್ಯಾಗ ಆಯಿಲ್ 128 ಡಿಗ್ರಿ ತೋರಸ್ತು, ಉದ್ದನ ತಿರುವಿನ್ಯಾಗ ಆಯಿಲ್ ಒತ್ತಡದ ಕೆಂಪ ದೀಪ ಒಂದ್ ಸಲ ಮಿನುಗಿ ಹೋತು, ಆ ಮಿನುಗು ಇನ್ನೂ ಕಣ್ಣ ಮುಂದ ಐತಿ

ಅಣ್ಣ: ಕೆಂಪ ದೀಪಾನ?? ಇದನ್ನ ನಂಗ ಹೇಳೇ ಇಲ್ಲ ನೀ

ನಾನು: ಹೇಳಬೇಕಿತ್ತು. ತಪ್ಪಾತು ಅಣ್ಣಾ

ಅಣ್ಣ: ಅರ್ಧ ರೊಕ್ಕ ಕೊಟ್ಟಾಂವಗ ಕೆಂಪ ದೀಪದ ಸುದ್ದಿ ಗ್ರೂಪಿನ್ಯಾಗ ತಿಳೀಬೇಕಾ. ಇಷ್ಟು ದಿನ ನಾ ಅದ ಗಾಡಿಯೊಳಗ ಮಕ್ಕಳನ್ನ ಸಾಲಿಗೆ ಬಿಟ್ಟು ಬಂದೇನಿ

ಸಣ್ಣ ಕಾಕಾ: ಜಗಳ ಆಮ್ಯಾಲೆ. ಲೇ ತಮ್ಮಾ, ಲೆವೆಲ್ ಎಷ್ಟಿತ್ತು ಆವಾಗ?

ನಾನು: ಹೊರಡೂವಾಗ ಕಡ್ಡಿಯ ನಟ್ಟ ನಡುವ ಇತ್ರಿ ಕಾಕಾ. ವಾಪಸ್ ಬಂದ ಮ್ಯಾಲೆ ಕೆಳಗಿನ ಗೆರಿ ಹತ್ರ

ಸಣ್ಣ ಕಾಕಾ: ತಿರುವಿನ್ಯಾಗ ಆಯಿಲ್ ಎಲ್ಲಾ ಚೇಂಬರಿನ ಒಂದ್ ಮಗ್ಗಲಕ್ಕ ಹೋಗಿರ್ತೈತಿ. ಪಂಪ್ ಗಾಳಿ ಎಳದೈತಿ. ಅದು ದಪ್ಪದ ಪ್ರಶ್ನೆ ಅಲ್ಲವೇ ಅಲ್ಲ. ಟ್ರ್ಯಾಕಿಗೆ ಹೋಗೂವಾಗ ಮ್ಯಾಲಿನ ಗೆರಿಗೆ ಬರೋಬ್ಬರಿ ಇರಬೇಕು. ದಾಟಬಾರದು ಮತ್ತ, ದಾಟಿದ್ರ ಕ್ರ್ಯಾಂಕ್ ಬಡದು ನೊರಿ ಎಬ್ಬಸ್ತೈತಿ

ಪುಣೆ ತಮ್ಮ: ಇಷ್ಟೆಲ್ಲಾ ಯಾಕ, ಖಾಸ್ ರೇಸಿಂಗ್ ಆಯಿಲ್ ಬರ್ತಾವಲ್ಲ, ಎಸ್ಟರ್ ಇದ್ದದ್ದು, ಇಲ್ಲಿ ನಮ್ಮ ಗ್ಯಾಂಗಿನವ್ರು ಅದನ್ನ ಹಾಕ್ತಾರ. ಮ್ಯಾಲೆ ಒಂದು ಅಡಿಟಿವ್ ಬಾಟ್ಲಿ ಸುರವಿದ್ರ ಮುಗೀತು

ಬಾಗಲಕೋಟಿ ಅಕ್ಕ: ಎಸ್ಟರ್ ಅಂದ್ರ ಏನ್ ಹೊಸಾದಲ್ಲಪಾ, ನಮ್ಮ ಔಡಲ ಎಣ್ಣಿನೂ ಎಸ್ಟರೇ. ಕುಸುಬಿ ಶೇಂಗಾ ಔಡಲ ಎಲ್ಲದರಾಗೂ ಗ್ಲಿಸರಾಲ್ ಎಸ್ಟರ್ ಇರ್ತೈತಿ. ಲೋಹಕ್ಕ ಗಟ್ಟಿ ಅಂಟ್ಕೊಂತೈತಿ ಅಂತ ಮೊದ್ಲಿನ ರೇಸ್ ಗಾಡಿಗೆ, ವಿಮಾನಕ್ಕ ಔಡಲ ಎಣ್ಣಿನ ಹಾಕ್ತಿದ್ರು, ಕ್ಯಾಸ್ಟ್ರಾಲ್ ಅನ್ನೋ ಹೆಸರು ಬಂದದ್ದೂ 1909ರಾಗ ಕ್ಯಾಸ್ಟರ್ ಎಣ್ಣಿ ಕೂಡ್ಸಿದ್ದಕ್ಕ. ಆದ್ರ ಕಾದಂಗೆಲ್ಲಾ ಅಂಟಂಟಾಗಿ ಗೋಂದಿನಂಗ ಕೂಡ್ತಿತ್ತು. ಈಗಿನ ಎಸ್ಟರ್ ಪ್ರಯೋಗಶಾಲೆಯೊಳಗ ತಯಾರ್ ಮಾಡಿದ್ದು, ಹಂಗ ಗಟ್ಟಿ ಆಗೂದಿಲ್ಲ

ವಿಜಾಪುರ ಮಾಮಾ: ಔಡಲ ನಮ್ಮ ಹೊಲದ ಬದುವಿನ ಮ್ಯಾಲ ಈಗೂ ಅವ. ಅದು ವಿಮಾನಕ್ಕ ಹಾಕ್ತಿದ್ರು ಅಂದ್ರ ಇವತ್ತ ಗೊತ್ತಾತು ನಂಗ

ನಾನು: ಅಕ್ಕ ಹೇಳಿದ್ದು ಖರೆ, ಎಸ್ಟರ್ ಇದ್ದದ್ದು ಛಲೋ ಎಣ್ಣಿ. ಆದ್ರ ಬರೇ ರೇಸಿಗೆ ಅಂತ ಮಾಡಿದ್ದರಾಗ ಇಂಜಿನ್ ಒಳಗಿನ ಮಸಿ ತೊಳಿಯೂ ಅಂಶ ಕಮ್ಮಿ ಇಟ್ಟಿರ್ತಾರ, ಪ್ರತಿ ರೇಸಿಗೂ ಬದಲಿ ಮಾಡ್ತಾರಂತ. ಜಿಂಕ್ ಫಾಸ್ಫರಸ್ ಹೆಚ್ಚಿರ್ತೈತಿ, ಅದು ದಿನಾ ರೋಡಿನ ಮ್ಯಾಲೆ ಓಡೂ ಗಾಡಿಯ ಹೊಗಿ ಸ್ವಚ್ಛ ಮಾಡೂ ಕ್ಯಾಟಲಿಟಿಕ್ ಕನ್ವರ್ಟರಿಗೆ ಒಳ್ಳೇದಲ್ಲ. ತಮ್ಮಾ ಅಡಿಟಿವ್ ಬಾಟ್ಲಿ ಅಂತೂ ಬ್ಯಾಡೇ ಬ್ಯಾಡ, ಆಯಿಲ್ ಮಾಡಿದವ್ರು ತೂಗಿ ಅಳದು ಹಾಕಿದ್ದನ್ನ ನಾವು ಮನ್ಯಾಗ ಕೆಡಿಸೂದು

ಪುಣೆ ತಮ್ಮ: ಬರ್ತಾ ಹೋಗ್ತಾ ರೋಡು ಸರಿ, ಟ್ರ್ಯಾಕಿಗೆ ತಾನ ಆರಸಾಕತ್ತಿದ್ದು

ನಾನು: ಲೆಕ್ಕ ಹಾಕು. ಬೆಳಗಾವಿಯಿಂದ ಬೆಂಗಳೂರು ಐದ್ನೂರು, ಅಲ್ಲಿಂದ ಕೊಯಮತ್ತೂರು ಮೂರನೂರ ಅರವತ್ತರ ಹತ್ರ. ಹೋಗಿ ಬರೂದು 1700 ಕಿಮೀ. ಅಲ್ಲಿನ ಕರಿ ಮೋಟರ್ ಸ್ಪೀಡ್‌ವೇ ಟ್ರ್ಯಾಕ್ ಒಂದು ಸುತ್ತು 2.1 ಕಿಮೀ, ದಿನಪೂರ್ತಿ ಎಷ್ಟು ಹೊಡದ್ರೂ ರೋಡಿನ ಮುಂದ ಏನೂ ಅಲ್ಲ. ಆ ರೋಡಿನ ಮ್ಯಾಲೆ ಇನ್ನೊಂದು ಅಪಾಯ ಐತಿ, ಎಲ್‌ಎಸ್‌ಪಿಐ ಅಂತಾರ. ಟಾಪ್ ಗಿಯರ್, 1500 ಆರ್‌ಪಿಎಮ್, ಲಾರಿ ಹಿಂದ ಇದ್ದೀ, ತಟ್ನ ಕಾಲ ಒತ್ತಿದಿ, ಟರ್ಬೋ ಒತ್ತಡ ತುಂಬತೈತಿ, ರಿಂಗ್ ಹತ್ರ ಇದ್ದ ಆಯಿಲ್ ಪೆಟ್ರೋಲ್ ಹನಿ ಪ್ಲಗ್ಗಿನ ಕಿಡಿಗಿಂತ ಮೊದ್ಲ ಹೊತ್ಕೊಂತೈತಿ. ಒಂದು ಜೋರ್ ಹೊಡತಕ್ಕ ಪಿಸ್ಟನ್ ಒಡದದ್ದು ಐತಿ. ಆಯಿಲಿನ್ಯಾಗ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ರ ಇದು ಹೆಚ್ಚ, ಸ್ವಲ್ಪ ಮ್ಯಾಗ್ನೀಷಿಯಂಗೆ ಬದಲಿಸಿದ್ರ ಕಮ್ಮಿ. ಅದಕ್ಕಂತನ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) 2018ರಾಗ ಎಸ್‌ಎನ್ ಪ್ಲಸ್ ದರ್ಜೆಗೆ ಈ ಪರೀಕ್ಷೆ ಸೇರಸ್ತು, 2020ರ ಎಸ್‌ಪಿ ದರ್ಜೆಯೊಳಗೂ ಐತಿ. ಅಂಗಡ್ಯಾಗಿನ ಹಳೇ ಕಾಲದ 20ಡಬ್ಲ್ಯೂ-50 ಇದನ್ನ ನೆನಸಿ ಮಾಡಿದ್ದಲ್ಲ

ವಿಜಾಪುರ ಮಾಮಾ: ಆದ್ರ ಒಂದ್ ಮಾತು. 5ಡಬ್ಲ್ಯೂದಾಗಿನ ಆ 5 ಚಳಿಗಾಲದ್ದು ಅಂತಾರ. ವಿಜಾಪುರದಾಗ ಹಿಮ ಎಲ್ಲಿ ಬೀಳ್ತದ?

ನಾನು: ಇದು ಮಾತ್ರ ಸರಿಯಾದ ಪ್ರಶ್ನೆ ಮಾಮಾ. 5ಡಬ್ಲ್ಯೂ ಪರೀಕ್ಷೆ ಸೊನ್ನೆಗಿಂತ 30 ಡಿಗ್ರಿ ಕೆಳಗ, 20ಡಬ್ಲ್ಯೂದು 15 ಕೆಳಗ, ಅಷ್ಟು ಥಂಡಿ ನಮ್ಮ ಕಡೆ ಕನಸಿನ್ಯಾಗೂ ಇಲ್ಲ. ಹಂಗಾಗಿ 10ಡಬ್ಲ್ಯೂ-40ಕ್ಕ ಅದ ಅಪ್ರೂವಲ್ ಇದ್ರ ನಂದೇನೂ ತಕರಾರಿಲ್ಲ. ಆದ್ರ ಮುಂಜಾನಿ ಚಾಲೂ ಮಾಡಿದ ಕೂಡ್ಲೆ ಟರ್ಬೋ ತನಕ ಎಣ್ಣಿ ಬ್ಯಾಗ ಮುಟ್ಟಬೇಕಲ್ರಿ, ಅಲ್ಲಿ 20ಕ್ಕಿಂತ 5 ಮೇಲು

ಅಣ್ಣ: ಕಡೀ ಮಾತು ಹೇಳು, ಏನ್ ಹಾಕ್ಸೂದು

ನಾನು: 5ಡಬ್ಲ್ಯೂ-40, ವಿಡಬ್ಲ್ಯೂ 502 00 ಅಂತ ಡಬ್ಬಿ ಮ್ಯಾಲೆ ಅಚ್ಚಾಗಿರಬೇಕು, ಸೀಲ್ ಇದ್ದ ಡಬ್ಬಿ, ಬ್ಯಾರಲ್ ಅಲ್ಲ. ಇಂಜಿನ್ ಹಿಡಿಯೂದು 5.7 ಲೀಟರ್, ಏಳು ಲೀಟರ್ ತರೂದು, ಉಳದದ್ದು ಡಿಕ್ಕಿಯೊಳಗ ಒಯ್ಯೂದು. ಹೋಗೂ ಮುಂಚಿನ ವಾರ ಹೊಸಾದು, ಬಂದ ವಾರ ಮತ್ತ ಬದಲಿ. ಎರಡ್ನೇದರ ರೊಕ್ಕ ನಾ ಒಬ್ಬನ ಕೊಡ್ತೇನಿ, ಟ್ರ್ಯಾಕಿಗೆ ಓಡಸಾಂವ ನಾನ

ಅಣ್ಣ: ರೊಕ್ಕದ ಮಾತಲ್ಲ. 130 ಆದ್ರ ಪಿಟ್ಟಿಗೆ ಬರ್ತಿ ಇಲ್ಲ?

ನಾನು: 125ಕ್ಕ ಕಾಲ ತಗೀತೇನಿ. ಒಂದು ಸುತ್ತು ಸಾವಕಾಶ ಓಡಿಸಿ ಒಳಗ ಬಂದು ಎರಡು ನಿಮಿಷ ಇಂಜಿನ್ ಚಾಲೂ ಇಟ್ಟ ಬಂದ್ ಮಾಡೂದು, ಇಲ್ಲಂದ್ರ ಕೆಂಪಗ ಕಾದ ಟರ್ಬೋ ಒಳಗ ನಿಂತ ಎಣ್ಣಿ ಸುಟ್ಟು ಕರಕಲಾಗಿ ಕೂಡ್ತೈತಿ. ಮೀಟರಿನ ಫೋಟೋ ಪ್ರತಿ ಸಲಕ್ಕೂ ನಿಂಗ ಕಳಸ್ತೇನಿ. ಕೆಂಪ ದೀಪ ಬಂದ್ರ ಆವತ್ತಿಂದು ಅಲ್ಲಿಗೆ ಮುಗೀತು

ಅಣ್ಣ: ಹೂಂ. ಹಂಗಾರ ತರ್ಸು. ಸಾಲಿಗೆ ಸೋಮವಾರದಿಂದ ಸ್ಕೂಟಿ ಮ್ಯಾಲೆ ಬಿಡ್ತೇನಿ, ಸಣ್ಣ ಓಡಾಟಕ್ಕ ಈ ಗಾಡಿ ತಗಿಯೂದಿಲ್ಲ

ಸಣ್ಣ ಕಾಕಾ: ಆಯಿಲ್ ಬದಲಿ ಮಾಡೂವಾಗ ಹಳೇ ಫಿಲ್ಟರ್ ಒಗೀಬ್ಯಾಡ್ರಿ. ನನ್ನ ಕಡೆ ತರ್ರಿ. ಒಳಗಿನ ಕಾಗದ ಕೊಯ್ದು ಬಿಚ್ಚಿ ನೋಡೂಣು. ಮಿಂಚು ಕಂಡ್ರ ಅಯಸ್ಕಾಂತ ಹಿಡಿಯೂದು, ಹತ್ತಿದ್ರ ಕಬ್ಬಿಣ, ಹತ್ತಲಿಲ್ಲ ಅಂದ್ರ ಶೆಲ್ಲಿಂದು ಇರಬಹುದು. ಶೆಲ್ಲಿಂದು ಇತ್ತಂದ್ರ ಕೊಯಮತ್ತೂರು ಕ್ಯಾನ್ಸಲ್, ಮೊದ್ಲ ಚೇಂಬರ್ ಇಳಸೂದು

ನಾನು: ರವಿವಾರ ಮುಂಜಾನೆ ಬರ್ತೇವ್ರಿ ಕಾಕಾ, ಇಬ್ರೂ